ಅಪ್ಪನ ಪಾಲಿನ ಹತ್ತು ಮಣಿ

ಫೋನಿನ ಪರದೆಯ ಮೇಲೆ ಸಣ್ಣದೊಂದು ಮೈಕಿನ ಚಿತ್ರವಿರುತ್ತದೆ. ಅದನ್ನು ಮುಟ್ಟಿದರೆ ಅದರ ಮೇಲೆ ಅಡ್ಡಗೆರೆ ಬೀಳುತ್ತದೆ. ಆಮೇಲೆ ನೀವು ಬೊಬ್ಬೆ ಹೊಡೆದರೂ ಆಚೆಯವರಿಗೆ ಕೇಳಿಸುವುದಿಲ್ಲ. ಇದಕ್ಕೆ ಮ್ಯೂಟ್ ಎನ್ನುತ್ತಾರೆಂದು ನನಗೆ ಕಲಿಸಿಕೊಟ್ಟವಳು ಅಣ್ಣನ ಮಗಳು ಸ್ಟೆಲ್ಲಾ. "ಅತ್ತೆ, ನಿಮ್ಮ ಸರದಿ ಬಂದಾಗ ಇದನ್ನ ತೆಗೀಬೇಕು, ಮರೀಬೇಡಿ" ಎಂದು ಎರಡೆರಡು ಸಲ ಹೇಳಿದ್ದಳು. ಈ ಅತ್ತೆ ಮರೆಯುವವಳಲ್ಲ, ಬೇಕೆಂದೇ ಬಿಡುವವಳು ಎಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? ಮದ್ದೂರಿನ ಶಾಲೆಯಲ್ಲಿ ತಲೆ ನರೆಯುವತನಕ ಮಗ್ಗಿ ಹೇಳಿಸಿದವಳು ನಾನು. ಓದದೆ ಬಂದ ಮಕ್ಕಳು ಪ್ರಶ್ನೆ ಕೇಳಿದಾಗ ಬಗ್ಗಿ ಪೆನ್ಸಿಲ್ ಹುಡುಕುವುದನ್ನು ಎಷ್ಟು ನೋಡಿಲ್ಲ! ಈಗ ನಾನು ಬಗ್ಗುವ ಜಾಗ ಈ ಅಡ್ಡಗೆರೆಯ ಹಿಂದೆ.

ವಿಷಯ ಇಷ್ಟೆ. ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯವರೆಲ್ಲ ಫೋನಿನಲ್ಲಿ ಒಟ್ಟಿಗೆ ಜಪಸರ ಹೇಳುತ್ತೇವೆ. ಮಳವಳ್ಳಿಯಿಂದ ಅವ್ವ ಮತ್ತು ಅಣ್ಣ ಅಂತೋಣಿ, ಮಂಡ್ಯದಿಂದ ಸ್ಟೆಲ್ಲಾ, ಮದ್ದೂರಿನಿಂದ ನಾನು. ಕೊರೊನಾ ಬಂದು ಇಗರ್ಜಿಯ ಬಾಗಿಲು ಹಾಕಿದಾಗ ಶುರುವಾದದ್ದು, ಕೊರೊನಾ ಹೋದರೂ ಇದು ಹೋಗಲಿಲ್ಲ. ಮೊದಮೊದಲು ಎಲ್ಲರೂ ಒಟ್ಟಿಗೆ ಉತ್ತರ ಹೇಳಲು ಹೋಗಿ, ಒಬ್ಬರದು ಮೊದಲು, ಇನ್ನೊಬ್ಬರದು ತಡವಾಗಿ ಬಂದು, ಒಂದನೇ ತರಗತಿಯ ಮಗ್ಗಿಯಂತಾಗುತ್ತಿತ್ತು. ಕೊನೆಗೆ ಸ್ಟೆಲ್ಲಾ ಒಂದು ಕಾನೂನು ಮಾಡಿದಳು. ಸರದಿ ಇದ್ದವರು ಮಾತ್ರ ಗಟ್ಟಿಯಾಗಿ ಹೇಳುವುದು, ಎಲ್ಲರ ಪರವಾಗಿ ಉತ್ತರ ಕೊಡುವುದು ಅವ್ವ ಒಬ್ಬಳೇ, ಅವಳ ಸರದಿಯಲ್ಲಿ ಮಾತ್ರ ಅಣ್ಣ, ಉಳಿದವರೆಲ್ಲ ಮ್ಯೂಟ್.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಜಪಸರದಲ್ಲಿ ಹತ್ತು ಹತ್ತು ಮಣಿಗಳ ಐದು ಗುಂಪು. ಒಂದೊಂದು ಮಣಿಗೂ ಯೇಸುವಿನ ತಾಯಿ ಮರಿಯಮ್ಮನವರ ಒಂದೊಂದು ಜಪ. ಆ ಜಪದ ಮೊದಲ ಅರ್ಧವನ್ನು ಒಬ್ಬರು ಹೇಳಿದರೆ, ಉಳಿದವರು ಎರಡನೆಯ ಅರ್ಧವನ್ನು ಹೇಳಿ ಮುಗಿಸುತ್ತಾರೆ. ಮೊದಲರ್ಧ ಹೊಗಳಿಕೆ, ಎರಡನೆಯದು ಬೇಡಿಕೆ. ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹತ್ತು ಹಂಚಿಕೆಯಾಗಿರುತ್ತದೆ, ಊಟದ ತಟ್ಟೆ ಇದ್ದ ಹಾಗೆ. ಯಾರಾದರೂ ತೀರಿಕೊಂಡರೆ ಮಾತ್ರ ಅವರ ಹತ್ತು ಮನೆಯ ಇನ್ನೊಬ್ಬರ ಪಾಲಿಗೆ ಬರುತ್ತದೆ.

ಹಾಗೆ ನಾಲ್ಕನೆಯ ಹತ್ತು ನನ್ನ ಪಾಲಿಗೆ ಬಂತು. ಅದು ನಮ್ಮವರದಾಗಿತ್ತು.

ನಮ್ಮವರಿಗೆ ಎರಡು ಮೂತ್ರಪಿಂಡವೂ ಕೈಕೊಟ್ಟಿದ್ದವು. ಡಯಾಲಿಸಿಸ್ಸಿಗೆಂದು ಮದ್ದೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದೆವು. ಮದ್ದೂರಿನಲ್ಲಿ ಹುಟ್ಟಿ ಬೆಳೆದ ಮನುಷ್ಯ, ವಡೆ ತಿನ್ನಬಾರದೆಂದು ಡಾಕ್ಟರು ಹೇಳಿಬಿಟ್ಟರು. ರೈಲಿನಲ್ಲಿ ವಡೆಯವನು ಹಾದುಹೋದಾಗ ಇವರು ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಎಳೆದುಕೊಂಡು, "ಫಿಲೋಮಿ, ಈವತ್ತು ಈರುಳ್ಳಿ ಸ್ವಲ್ಪ ಜಾಸ್ತಿ ಹಾಕವ್ರೆ" ಎನ್ನುತ್ತಿದ್ದರು. ಹೋಗುವಾಗಲೂ ಬರುವಾಗಲೂ ಸೆರಗಿನೊಳಗೆ ನನ್ನ ಬೆರಳು ಮಣಿಯ ಮೇಲೆಯೇ ಇರುತ್ತಿತ್ತು. ನಾನು ಅಷ್ಟು ಬೇಡಿದೆ. ಹೋದ ವರ್ಷ ಮಾವಿನ ಕಾಯಿ ಬಲಿಯುವ ಹೊತ್ತಿಗೆ ಅವರು ಹೋದರು.

ಆಮೇಲೆ ನನಗೊಂದು ವಿಚಿತ್ರ ಆಯಿತು. ಇಗರ್ಜಿಗೆ ಹೋಗುತ್ತೇನೆ, ಪೂಜೆಯಲ್ಲಿ ಎಲ್ಲರ ಜೊತೆ ಎದ್ದು ನಿಲ್ಲುತ್ತೇನೆ, ಕೂರುತ್ತೇನೆ. ಜಪಸರದ ಎರಡನೆಯ ಅರ್ಧವನ್ನು ಯಾರಾದರೂ ಶುರು ಮಾಡಿದರೆ ಹೇಳಿಯೂ ಹೇಳುತ್ತೇನೆ. ಬೇಡುವುದಕ್ಕೆ ಬಾಯಿ ಬರುತ್ತದೆ. ಆದರೆ ಮೊದಲರ್ಧ, ಆ ಹೊಗಳಿಕೆ, ಅದು ಮಾತ್ರ ಗಂಟಲಿನಿಂದ ಮೇಲಕ್ಕೆ ಬರುವುದಿಲ್ಲ. ಅದರಲ್ಲೂ ನಮ್ಮವರ ಆ ನಾಲ್ಕನೆಯ ಹತ್ತು. ಸಿಟ್ಟೋ ದುಃಖವೋ ನನಗೇ ಗೊತ್ತಿಲ್ಲ. ನಂಬಿಕೆ ಹೋಯಿತೇ ಎಂದು ಒಬ್ಬಳೇ ಕೂತು ಹೆದರಿದ್ದೂ ಉಂಟು. ಇದನ್ನು ಅಣ್ಣನಿಗೆ ಹೇಳುವುದು ಹೇಗೆ? ಹಾಗಾಗಿ ಮೈಕಿನ ಚಿತ್ರವನ್ನು ಮುಟ್ಟದೆ ಕೂತುಬಿಡುತ್ತಿದ್ದೆ.

"ಫಿಲೋಮಿ, ಮ್ಯೂಟ್ ಆಗ್ಬುಟ್ಟದೆ ನೋಡವ್ವ" ಎಂದು ಅಣ್ಣ ಕೂಗುತ್ತಿದ್ದ. ನಾನು ಕೂತಲ್ಲೇ ಕೂತಿರುತ್ತಿದ್ದೆ. "ಆ ಮದ್ದೂರಲ್ಲಿ ಯಾವತ್ ನೆಟ್ಟಗಿತ್ತು ನೆಟ್‌ವರ್ಕು, ಬುಡು ನಾನೇ ಯೋಳ್ತೀನಿ" ಎಂದು ನಾಲ್ಕನೆಯದನ್ನೂ ನನ್ನ ಐದನೆಯದನ್ನೂ ಅವನೇ ಮುಗಿಸುತ್ತಿದ್ದ. ಅವನು ಶಾಲೆಯ ವ್ಯಾನಿನ ಡ್ರೈವರ್. ಜಪವನ್ನೂ ಬೆಲ್ಲು ಹೊಡೆಯುವುದರೊಳಗೆ ಮಕ್ಕಳನ್ನು ಇಳಿಸಬೇಕೆಂಬ ಹಾಗೆ ಓಡಿಸುತ್ತಾನೆ.

ಐದನೆಯದು ಎಂದೆನಲ್ಲ, ಅದು ಹುಟ್ಟಿದಾಗಿನಿಂದಲೂ ನನ್ನದೇ. ಎಲ್ಲರಿಗಿಂತ ಚಿಕ್ಕವಳು ಎಂಬ ಕಾರಣಕ್ಕೆ ಕೊನೆಯದು ನನಗೆ ಬಂತು, ಕೊನೆಯದು ಬರುವ ಹೊತ್ತಿಗೆ ನನಗೆ ನಿದ್ದೆ ಬಂದಿರುತ್ತಿತ್ತು. ಆಗ ನಾವಿದ್ದದ್ದು ಮಂಡ್ಯದ ಬಳಿ, ಹೊಸ ತಳಿಗಳ ಪ್ರಯೋಗ ನಡೆಸುವ ಸರ್ಕಾರಿ ವಿ.ಸಿ. ಫಾರಂನ ಹತ್ತಿರ, ಕೂಲಿಯವರ ಸಾಲುಮನೆಯಲ್ಲಿ. ಒಂದು ಕೋಣೆ, ಒಂದು ಅಡಿಗೆಮನೆ, ನಡುವೆ ಸೀರೆಯ ಪರದೆ. ಗೋಡೆಯಲ್ಲಿ ಯೇಸುವಿನ ತಿರುಹೃದಯದ ಪಟ, ಅದರ ಕೆಳಗೆ ಗೂಡು, ಗೂಡಿನಲ್ಲಿ ದೀಪ. ಅಪ್ಪನಿಗೆ ಮೊದಲನೆಯ ಹತ್ತು, ಅಜ್ಜಿಗೆ ಎರಡನೆಯದು, ಅವ್ವನಿಗೆ ಮೂರನೆಯದು, ಅಣ್ಣನಿಗೆ ನಾಲ್ಕನೆಯದು. ಮುಂದೆ ಅಜ್ಜಿ ತೀರಿಕೊಂಡಾಗ ಅವಳದು ಅಣ್ಣನಿಗೆ ಹೋಗಿ, ಅಣ್ಣನ ನಾಲ್ಕನೆಯದು ಮನೆಯ ಅಳಿಯನೆಂದು ನಮ್ಮವರಿಗೆ ಬಂದದ್ದು. ಅಜ್ಜಿ ತನ್ನ ಹತ್ತಿನಲ್ಲಿ ಎಷ್ಟೋ ಸಲ ಹನ್ನೆರಡು ಹದಿಮೂರು ಹೇಳುತ್ತಿದ್ದಳು. ಕೇಳಿದರೆ, "ಜಾಸ್ತಿ ಆದ್ರೆ ದೇವ್ರೇನು ಬ್ಯಾಡ ಅಂದಾನಾ?" ಎನ್ನುತ್ತಿದ್ದಳು. ಹಸಿದುಕೊಂಡು ಕೂತ ನನಗೆ ಅಜ್ಜಿಯ ಈ ಧಾರಾಳತನ ಒಂದಿಷ್ಟೂ ಹಿಡಿಸುತ್ತಿರಲಿಲ್ಲ.

ಅಪ್ಪನ ಹೆಸರು ಚೌರಪ್ಪ. ಫಾರಂನಲ್ಲಿ ಅವನ ಕೆಲಸ ಹಕ್ಕಿ ಕಾಯುವುದು. ನಗಬೇಡಿ. ಅಲ್ಲಿನ ಪ್ರಯೋಗದ ಗದ್ದೆಗಳು ಸಣ್ಣಸಣ್ಣವು, ಒಂದೊಂದಕ್ಕೂ ಒಂದೊಂದು ಬೋರ್ಡು. ಅದರಲ್ಲಿ ಗಿಣಿ ಬಂದು ನಾಲ್ಕು ತೆನೆ ಕತ್ತರಿಸಿಕೊಂಡು ಹೋದರೆ ಹೋಗುವುದು ಹಿಡಿ ಭತ್ತವಲ್ಲ, ಯಾರೋ ವಿಜ್ಞಾನಿ ವರ್ಷವಿಡೀ ಪಟ್ಟ ಪಾಡು. ಭತ್ತ ಹಾಲುಗಟ್ಟಿದಾಗಿನಿಂದ ಕೊಯ್ಲಿನತನಕ ಅಪ್ಪ ಬದುವಿನ ಮೇಲೆ ನಿಂತು ಕೂಗಬೇಕು. ಆ ಕೆಲಸಕ್ಕೆ ಅವನನ್ನು ಆರಿಸಿದ್ದೇ ಗಂಟಲು ನೋಡಿ. ಚೌರಪ್ಪ ಹೋ ಎಂದರೆ ವಿ.ಸಿ. ಫಾರಂನಲ್ಲಿ ಎದ್ದ ಗಿಣಿ ಕೊತ್ತತ್ತಿಯಲ್ಲಿ ಇಳಿಯುತ್ತದೆ ಎಂದು ಜನ ಹೇಳುತ್ತಿದ್ದರು. ಕೊತ್ತತ್ತಿಯವರು ಇದನ್ನು ಒಪ್ಪುತ್ತಾರೋ ಇಲ್ಲವೋ ಕಾಣೆ.

ಅದೇ ಗಂಟಲಿನಲ್ಲಿ ಸಂಜೆಯ ಜಪ. ಮೆಲ್ಲಗೆ ಹೇಳುವುದು ಅಪ್ಪನಿಗೆ ಗೊತ್ತೇ ಇರಲಿಲ್ಲ. ನಮ್ಮ ಸಾಲಿನಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಆದರೂ ಮೊದಲನೆಯ ಹತ್ತು ಇಡೀ ಸಾಲಿನ ಗಡಿಯಾರವಾಗಿತ್ತು. ಪಕ್ಕದ ಮನೆಯ ನಿಂಗಮ್ಮ, ನಾವು ನಿಂಗಕ್ಕ ಎನ್ನುತ್ತಿದ್ದೆವು, ಅಪ್ಪನ ದನಿ ಎದ್ದ ಕೂಡಲೇ ಮಗಳಿಗೆ ಕೂಗುತ್ತಿದ್ದಳು: "ಚೌರಣ್ಣಂದು ಸುರುವಾಯ್ತು ಕಣೇ, ಮುದ್ದೆಗೆ ಎಸರಿಕ್ಕು!" ನಮ್ಮ ಐದನೆಯ ಹತ್ತು ಮುಗಿಯುವ ಹೊತ್ತಿಗೆ ಸರಿಯಾಗಿ ಅವರ ಮನೆಯ ಮುದ್ದೆ ತಿರುವುವ ಸದ್ದು ಬರುತ್ತಿತ್ತು. ನನ್ನ ಜಪದಲ್ಲಿ ಭಕ್ತಿಗಿಂತ ಮುದ್ದೆಯ ವಾಸನೆಯೇ ಹೆಚ್ಚಾಗಿತ್ತು ಎಂದರೆ ಸುಳ್ಳಲ್ಲ.

ಒಂದು ವರ್ಷ ಅಪ್ಪನ ದನಿ ಒಡೆಯಿತು. ಕೂಗಿ ಕೂಗಿ ಆಗಿದೆ ಎಂದುಕೊಂಡೆವು. ಮೆಣಸಿನ ಕಷಾಯ ಆಯಿತು, ಜೇನು ಆಯಿತು. ದನಿ ದಿನದಿಂದ ದಿನಕ್ಕೆ ಸವೆಯಿತು. ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದರೆ ಗಂಟಲಲ್ಲಿ ಗಡ್ಡೆ, ತೆಗೆಯಲೇಬೇಕು ಎಂದರು. ತೆಗೆದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಅಪ್ಪ ಮನೆಗೆ ಬಂದಾಗ ಏನೋ ಹೇಳಲು ಬಾಯಿ ತೆರೆದ. ಬರೀ ಗಾಳಿ ಬಂತು. ನಾನು ಹೆದರಿ ಅಜ್ಜಿಯ ಹಿಂದೆ ಸರಿದೆ. ಅಪ್ಪ ಅದನ್ನು ನೋಡಿದ, ಬಾಯಿ ಮುಚ್ಚಿಕೊಂಡ.

ನಿಂಗಕ್ಕ ಸುಮ್ಮನಿರುವ ಜನವೇ ಅಲ್ಲ. "ಲೂರ್ದಕ್ಕ, ವೈದ್ಯನಾಥಪುರಕ್ಕೆ ಒಂದಪ ಕರ್ಕೊಂಡೋಗು. ಅಲ್ಲಿನ್ ದೇವ್ರು ಡಾಕ್ಟ್ರುಗಳಿಗೆಲ್ಲಾ ದೊಡ್ ಡಾಕ್ಟ್ರು. ನಿಮ್ ದೇವ್ರು ಏನೂ ಅನ್ಕಳಕ್ಕಿಲ್ಲ" ಎಂದು ಅವ್ವನಿಗೆ ಹೇಳಿದಳು.

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ನೀನು ಓಗಿ ಬೇಡ್ಕೊ ನಿಂಗಕ್ಕ, ನಿನ್ ಮಾತು ನಡೀತದೆ. ನಾನು ನಂಗೆ ಗೊತ್ತಿರೋನ್ ತಾವೇ ಕೂತ್ಕತೀನಿ. ಕಷ್ಟ ಬಂದಾಗ ಮನೆ ಬದಲಾಯ್ಸಿದ್ರೆ, ಅವನು ಬಂದಾಗ ನಾನಿಲ್ಲಿ ಇರಬ್ಯಾಡ್ವಾ?"

ನಿಂಗಕ್ಕ ನಿಜವಾಗಿಯೂ ಹೋಗಿ ಬೇಡಿಕೊಂಡು ಬಂದಳು. ಬರುವಾಗ ಬಾಳೆಹಣ್ಣು ತಂದಳು. ನಾನೂ ಅಣ್ಣನೂ ಯಾವ ದೇವರಿಗೂ ಬೇಸರವಾಗದಂತೆ ಅಷ್ಟನ್ನೂ ತಿಂದು ಮುಗಿಸಿದೆವು.

ಅಪ್ಪ ಆಸ್ಪತ್ರೆಯಿಂದ ಬಂದ ದಿನವೇ ಸಂಜೆ ಎಂದಿನಂತೆ ಚಾಪೆ ಹಾಸಿದ್ದಾಯಿತು. ದೀಪ ಹಚ್ಚಿದ್ದಾಯಿತು. ಅಪ್ಪನದೊಂದು ಜಪಸರವಿತ್ತು. ಕಾಲುವೆಯ ಬದಿಯಲ್ಲಿ ಬೆಳೆಯುವ ಒಂದು ಜಾತಿ ಹುಲ್ಲಿನ ಬೂದುಬಣ್ಣದ ಗಟ್ಟಿ ಬೀಜಗಳನ್ನು ಅವನೇ ಪೋಣಿಸಿಕೊಂಡದ್ದು. ಅದನ್ನು ಅಣ್ಣನ ಕೈಗೆ ಕೊಟ್ಟ. ಇನ್ನು ಮೇಲೆ ನನ್ನ ಹತ್ತನ್ನೂ ನೀನೇ ಹೇಳು ಎಂದು ಅರ್ಥ. ಅಣ್ಣನಿಗೂ ದೊಡ್ಡವನಾದೆನೆಂಬ ಹಿಗ್ಗು, ಗಂಟಲು ಸರಿಮಾಡಿಕೊಂಡ. ಅವ್ವ ಅದನ್ನು ಅವನ ಕೈಯಿಂದ ಕಿತ್ತು ತಿರುಗಿ ಅಪ್ಪನ ಮಡಿಲಿಗೆ ಹಾಕಿದಳು.

"ಉಸುರಿರೋಗಂಟ ಅವರವರ ಹತ್ತು ಅವರವರ್ದೇ. ನಿಮ್ಮಪ್ಪನ್ ಹತ್ತ ಯಾರೂ ಯೋಳಂಗಿಲ್ಲ."

ಅಪ್ಪನಿಗೆ ಸಿಟ್ಟು ಬಂತು. ಸಿಟ್ಟು ಬಂದರೂ ಕೂಗುವಂತಿಲ್ಲ. ಗೋಡೆಯ ಕಡೆ ತಿರುಗಿ ಕೂತ. ದೇವರ ಹೆಸರು ಹೇಳುತ್ತಿದ್ದ ದನಿಯನ್ನೇ ದೇವರು ಕಿತ್ತುಕೊಂಡನಲ್ಲ ಎಂಬುದು ಅವನ ಬೆನ್ನಿನಲ್ಲೇ ಕಾಣುತ್ತಿತ್ತು. ನಾವೆಲ್ಲ ಸುಮ್ಮನೆ ಕಾದೆವು. ಅಪ್ಪ ಮೊದಲರ್ಧ ಹೇಳಿ ಮುಗಿಸಲು ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ಬಿಟ್ಟು, ಅವ್ವ ಎರಡನೆಯ ಅರ್ಧವನ್ನು ಹೇಳಿದಳು. ಮತ್ತೆ ಮೌನ. ಮತ್ತೆ ಅವ್ವನ ಉತ್ತರ. ಹೀಗೇ ಹತ್ತೂ ಮುಗಿದವು. ಅಪ್ಪ ತಿರುಗಲಿಲ್ಲ. ಮರುದಿನವೂ ಅಷ್ಟೆ, ಅದರ ಮರುದಿನವೂ ಅಷ್ಟೆ.

ಒಮ್ಮೆ ಹಸಿವು ತಾಳಲಾರದೆ ನಾನೇ ಆ ಮೌನದ ನಡುವೆ ಮೊದಲರ್ಧವನ್ನು ಪಟಪಟನೆ ಹೇಳಿಬಿಟ್ಟೆ. ಅವ್ವ ಹಿಂಡಿದ ತೊಡೆ ಈಗಲೂ ನೆನಪಿದೆ. "ಅವರು ಯೋಳ್ತಾವ್ರೆ. ನಿಂಗೆ ಕೇಳುಸ್ದೇ ಇದ್ರೆ ಸುಮ್ಕಿರು" ಎಂದಳು. ಅಪ್ಪ ಗೋಡೆ ನೋಡುತ್ತಿದ್ದ, ಜಪಸರ ಚಾಪೆಯ ಮೇಲೆ ಬಿದ್ದಿತ್ತು. ಇವಳು ಸುಳ್ಳು ಹೇಳುತ್ತಿದ್ದಾಳೆ ಎಂದು ನನಗೆ ಗ್ಯಾರಂಟಿಯಾಗಿತ್ತು. ಅಪ್ಪನಿಗೂ ಆಗಿರಬೇಕು.

ಸಾಲುಮನೆಗೂ ಗೊಂದಲವಾಯಿತು. ಅಪ್ಪನ ದನಿಯಿಲ್ಲದೆ ನಿಂಗಕ್ಕನ ಎಸರು ಒಂದು ದಿನ ಮುಂಚೆ, ಒಂದು ದಿನ ತಡ. "ಚೌರಣ್ಣ ಸುಮ್ಗಾದಾಗಿಂದ ನಮ್ಮಟ್ಟೀಲಿ ಮುದ್ದೆ ಒತ್ಗೆ ಸರ್ಯಾಗಿ ಆಗ್ತಾನೇ ಇಲ್ಲ" ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮುದ್ದೆಯ ಹೆಸರಿನಲ್ಲಿ ಅತ್ತದ್ದು ಎಂದು ಈಗ ಗೊತ್ತಾಗುತ್ತದೆ.

ಆ ಸಲ ಭತ್ತ ಹಾಲುಗಟ್ಟುವ ಹೊತ್ತಿಗೆ ಅಪ್ಪ ಕೆಲಸಕ್ಕೆ ಹೋಗುವುದೋ ಬೇಡವೋ ಎಂದು ಹೊಸ್ತಿಲ ಮೇಲೆ ಕೂತಿದ್ದ. ದನಿಯಿಲ್ಲದ ಹಕ್ಕಿ ಕಾಯುವವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೆಲಸ ಹಂಚುವ ಮೇಸ್ತ್ರಿ ಸೈಕಲ್ಲಿನಲ್ಲಿ ಬಂದವನು, ಹಿಂದಿನ ಕ್ಯಾರಿಯರ್‌ನಿಂದ ಒಂದು ಖಾಲಿ ಎಣ್ಣೆ ಡಬ್ಬ ತೆಗೆದು ಅಪ್ಪನ ಮುಂದಿಟ್ಟ.

"ಗಿಣಿಗೇನು ಕನ್ನಡ ಬತ್ತದಾ ಚೌರಪ್ಪ? ಸದ್ದಾದ್ರೆ ಸಾಕು ಬುಡು. ನಾಳೆಯಿಂದ ಬಾ."

ಅಪ್ಪ ಹೋದ. ಬೆಳಗಿನಿಂದ ಬೈಗಿನತನಕ ಡಬ್ಬ ಬಡಿದ. ಗಿಣಿಗಳು ಎದ್ದವಂತೆ, ಕೊತ್ತತ್ತಿಯತನಕ ಹೋದವೋ ಇಲ್ಲವೋ, ಎದ್ದವಂತೂ ಹೌದು. ಸಂಜೆ ಬಂದು ಕೈಕಾಲು ತೊಳೆದುಕೊಂಡ. ಚಾಪೆಯ ಮೇಲೆ ನಾವೆಲ್ಲ ಆಗಲೇ ಕೂತಿದ್ದೆವು. ಅಪ್ಪ ಗೋಡೆಯ ಕಡೆ ತಿರುಗದೆ ಪಟದ ಕಡೆ ಮುಖ ಮಾಡಿ ಕೂತ, ಡಬ್ಬವನ್ನು ಮುಂದಿಟ್ಟುಕೊಂಡ. ಚಾಪೆಯ ಮೇಲಿದ್ದ ಜಪಸರವನ್ನು ಎತ್ತಿಕೊಂಡ. ತುಟಿ ಅಲ್ಲಾಡಿತು. ಆಮೇಲೆ ಕೋಲೆತ್ತಿ ಡಬ್ಬಕ್ಕೆ ಢಣ್ ಎಂದು ಒಂದು ಬಿಟ್ಟ.

ಗಿಣಿ ಓಡಿಸಿದ ಕೈ, ಅದಕ್ಕೆ ಅಳತೆ ತಿಳಿಯಲಿಲ್ಲ. ಅಜ್ಜಿ ಕೂತಲ್ಲೇ ಹಾರಿದಳು. ಪಕ್ಕದ ಮನೆಯಲ್ಲಿ ನಿಂಗಕ್ಕನ ಕೂಸು ಎದ್ದು ಕಿಟಾರನೆ ಕಿರುಚಿತು. ಅವ್ವ ಮಾತ್ರ ಕಣ್ಣು ಮುಚ್ಚಿಕೊಂಡೇ ಎರಡನೆಯ ಅರ್ಧವನ್ನು ಪೂರ್ತಿ ಹೇಳಿ ಮುಗಿಸಿದಳು. ಮುಗಿಸಿದ ಮೇಲೆ ಕಣ್ಣು ಬಿಟ್ಟು, "ಮೆಲ್ಲುಕ್ ಬಡೀರಿ, ನಿಂಗಕ್ಕನ್ ಕೂಸು ಎದ್ಬುಡ್ತು" ಎಂದಳು. ಎರಡನೆಯ ಮಣಿಗೆ ಅಪ್ಪ ಕೋಲು ಬಿಟ್ಟು ಉಗುರಿನಿಂದ ತಟ್ಟಿದ. ಟಕ್. ಅವ್ವನ ಉತ್ತರ. ಟಕ್. ಅವ್ವನ ಉತ್ತರ. ಗೋಡೆಯಾಚೆಯಿಂದ ನಿಂಗಕ್ಕನ ಕೂಗು ಕೇಳಿಸಿತು: "ಚೌರಣ್ಣಂದು ಸುರುವಾಯ್ತು ಕಣೇ, ಎಸರಿಕ್ಕು!"

ಅಪ್ಪನ ದನಿ ಕೊನೆಗೂ ಬರಲಿಲ್ಲ. ಬಂದಿದ್ದರೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತು, ಪವಾಡವಾಯಿತೆಂದು ಇಗರ್ಜಿಯಲ್ಲಿ ಸಾಕ್ಷಿ ಹೇಳಬಹುದಾಗಿತ್ತು. ಅವನು ಸಾಯುವತನಕ ಪ್ರತಿ ಸಂಜೆಯೂ ಆ ಡಬ್ಬವನ್ನು ತಟ್ಟಿದ, ನಾವು ಕೇಳಿಸದ ಅರ್ಧಕ್ಕೆ ಕೇಳಿಸುವ ಅರ್ಧವನ್ನು ಸೇರಿಸಿದೆವು. ಅವನು ಹೋದ ಮೇಲೆ ಅವನ ಹತ್ತು ಅವ್ವನ ಪಾಲಿಗೆ ಬಂತು, ಹುಲ್ಲಿನ ಬೀಜದ ಜಪಸರ ನನಗೆ ಬಂತು. ಡಬ್ಬ ಎಲ್ಲಿ ಹೋಯಿತೋ ಗೊತ್ತಿಲ್ಲ. ಗುಜರಿಯವನಿಗೆ ಕೊಟ್ಟು ಬೆಳ್ಳುಳ್ಳಿ ತಗೊಂಡಿರಬೇಕು ನಮ್ಮವ್ವ, ಅವಳಿಗೆ ಅಂಥ ಮೋಹಗಳಿಲ್ಲ.

ಇಷ್ಟೆಲ್ಲ ಕಂಡು ಬೆಳೆದವಳು ನಾನು, ಮ್ಯೂಟಿನ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಅದು ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮದೇ ಮನೆಯ ಬುದ್ಧಿ ನಮಗೆ ಬೇಕಾದಾಗ ನೆನಪಾಗುವುದಿಲ್ಲ, ಏನು ಮಾಡುವುದು? ಅಪ್ಪನಿಗಾದದ್ದು ಗಂಟಲಿನ ಕಾಯಿಲೆ, ನನ್ನದು ಬೇರೆ ಎಂದುಕೊಂಡಿದ್ದೆ.

ಮೊನ್ನೆ ಸಂಜೆ ಮೂರು ಹತ್ತು ಮುಗಿದವು. ನಾಲ್ಕನೆಯದು ಬಂತು. ನಾನು ಅಡಿಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ, ಫೋನನ್ನು ಅಕ್ಕಿಯ ಡಬ್ಬಕ್ಕೆ ಒರಗಿಸಿದ್ದೆ. ಅಡ್ಡಗೆರೆ ಹಾಗೇ ಇತ್ತು.

"ಫಿಲೋಮಿ, ಮ್ಯೂಟ್ ಆಗ್ಬುಟ್ಟದೆ" ಎಂದ ಅಣ್ಣ. ಸ್ವಲ್ಪ ಕಾದು, "ಬುಡು, ನಾನೇ ಯೋಳ್ತೀನಿ" ಎಂದು ಶುರು ಮಾಡಿದ.

"ಸುಮ್ನಿರ್ಲಾ ಅಂತೋಣಿ." ಅವ್ವನ ದನಿ. ಅವಳಿಗೀಗ ವಯಸ್ಸಾಗಿದೆ, ಹಲ್ಲಿಲ್ಲ, ಆದರೆ ಗದರುವುದು ಹಾಗೇ ಇದೆ. "ದಿನಾ ದಿನಾ ಅವಳ್ ಹತ್ತ ನೀನ್ಯಾಕ್ ಯೋಳೀಯೆ? ಅವಳೇನ್ ಸತ್ತೋಗವ್ಳಾ?"

"ಅಯ್ಯೋ, ಅವಳ್ದು ಮ್ಯೂಟ್ ಆಗದಂತೀನಿ ಕಣವ್ವ!"

"ಆಗ್ಲಿ ಬುಡು. ನಿಮ್ಮಪ್ಪನ್ಗೂ ಆಗಿತ್ತು."

ಅಣ್ಣ ಬಾಯಿ ಮುಚ್ಚಿದ. ಮೂರೂರಿನ ಮೌನ ಫೋನಿನೊಳಗೆ ತುಂಬಿಕೊಂಡಿತು. ನನಗೆ ಗೊತ್ತಾಯಿತು, ಅವ್ವ ಅಳತೆ ಮಾಡುತ್ತಿದ್ದಾಳೆ. ನಾನು ಮೊದಲರ್ಧ ಹೇಳಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು. ಆಮೇಲೆ ಅವಳು ಎರಡನೆಯ ಅರ್ಧವನ್ನು ಹೇಳಿದಳು. ನಿಧಾನವಾಗಿ, ನಾನು ಹೇಳಿದ್ದನ್ನು ಕೇಳಿಸಿಕೊಂಡವಳ ಹಾಗೆ. ಮತ್ತೆ ಕಾದಳು. ಮತ್ತೆ ಹೇಳಿದಳು.

ನಾನು ಅತ್ತೆ. ಮ್ಯೂಟ್ ಇದ್ದದ್ದರಿಂದ ಗಟ್ಟಿಯಾಗಿಯೇ ಅತ್ತೆ. ನಮ್ಮವರು ಹೋದ ಮೇಲೆ ಅಷ್ಟು ಬಾಯಿಬಿಟ್ಟು ಅತ್ತಿರಲಿಲ್ಲ. ಅವ್ವ ತನ್ನ ಪಾಡಿಗೆ ಕಾಯುತ್ತಿದ್ದಳು, ಉತ್ತರ ಕೊಡುತ್ತಿದ್ದಳು. ಆ ದಿನಗಳಲ್ಲಿ ಅವಳು ಅಪ್ಪನ ಬೆನ್ನಿಗೆ ಸುಳ್ಳು ಹೇಳಿರಲಿಲ್ಲ ಎಂದು ಅಕ್ಕಿಯ ಡಬ್ಬದ ಮುಂದೆ ಕೂತು ನನಗೆ ತಿಳಿಯಿತು. ಅಪ್ಪ ಹೇಳದೇ ಇದ್ದದ್ದನ್ನೂ ದೇವರ ಮುಂದೆ ಹೇಳಿದ ಲೆಕ್ಕಕ್ಕೆ ಹಿಡಿದು, ಅವನು ತಿರುಗಿ ಬರುವತನಕ ಅವನ ಜಾಗವನ್ನು ಕಾದುಕೊಂಡು ಕೂತಿದ್ದಳು.

ಎಷ್ಟನೆಯ ಮಣಿಯೋ ಲೆಕ್ಕ ತಪ್ಪಿಹೋಗಿತ್ತು. ಮುಖ ಒರೆಸಿಕೊಂಡು ಮೈಕಿನ ಚಿತ್ರವನ್ನು ಮುಟ್ಟಿದೆ. ಅಡ್ಡಗೆರೆ ಹೋಯಿತು. ಬಾಯಿ ತೆರೆದೆ. ಹೊಗಳಿಕೆ ಆಗಲೂ ಬರಲಿಲ್ಲ. ಪವಾಡ ಏನೂ ಆಗಲಿಲ್ಲ. ಮನಸ್ಸಿನಲ್ಲೇ ಮೊದಲರ್ಧವನ್ನು ಹೇಳಿಕೊಂಡೆ, ಸಿಟ್ಟಿನ ಜೊತೆಗೇ ಹೇಳಿಕೊಂಡೆ, ಬೆರಳಿನ ಗಿಣ್ಣಿನಿಂದ ಅಕ್ಕಿಯ ಡಬ್ಬಕ್ಕೆ ಒಂದು ತಟ್ಟಿದೆ. ಸ್ಟೀಲಿನ ಡಬ್ಬ, ಅಕ್ಕಿ ತಳದಲ್ಲಿತ್ತು, ಮನೆಯೆಲ್ಲ ಢಣ್ ಎಂದಿತು.

ಆ ಕಡೆ ಅಣ್ಣ ಉಸಿರೆಳೆದುಕೊಂಡದ್ದು ಕೇಳಿಸಿತು. ಅವ್ವ ಎರಡನೆಯ ಅರ್ಧವನ್ನು ಪೂರ್ತಿ ಹೇಳಿ ಮುಗಿಸಿದಳು, ಒಂದಕ್ಷರ ಬಿಡಲಿಲ್ಲ. ಮುಗಿಸಿದ ಮೇಲೆ ಹೇಳಿದಳು:

"ಮೆಲ್ಲುಕ್ ಬಡಿಯವ್ವ, ನಿಂಗಕ್ಕನ್ ಕೂಸು ಎದ್ಬುಟ್ಟಾತು."

ನಿಂಗಕ್ಕನ ಆ ಕೂಸಿಗೆ ಈಗ ಮೀಸೆಯೆಲ್ಲ ನರೆತಿದೆ, ಮಂಡ್ಯದಲ್ಲಿ ಆಟೋ ಓಡಿಸುತ್ತಾನೆ. ಆದರೂ ಮುಂದಿನ ಮಣಿಗೆ ನಾನು ಉಗುರಿನಿಂದ, ಮೆಲ್ಲಗೇ ತಟ್ಟಿದೆ.